ಶರಾವತಿಯ ಕೊನೇ ಅಂಕ ಕೂತಿತು: ಸರಾಸರಿಯ ಗೋಳು, ಸಾಲದ ಬಟ್ಟಲು

ಕೊನೆಗೂ ಬಾಗಿಲು ನಿಂತಿತು! ನಮ್ಮ ಟೇಬಲ್ ಆಟ 'ಶರಾವತಿ'ಯ ಕೊನೇ ಅಂಕ ಈಗ ಕೆಲಸ ಮಾಡುತ್ತಿದೆ. ನಕ್ಷೆ, ಪಾತ್ರದ ಹಾಳೆ, ದಾಳದ ನಿಯಮ ಎಲ್ಲ ಹಿಂದಿನ ಹಾಗೇ ಇವೆ, ಅವನ್ನು ಮತ್ತೆ ಹೇಳುವುದಿಲ್ಲ. ಇವತ್ತು ಬರೀ ಬಾಗಿಲಿನ ಕಥೆ.

ಹೊಸಬರಿಗೆ ಇಷ್ಟು ಸಾಕು. ಶರಾವತಿ ಒಂದು ಹಳೇ ಸರಕು ನೌಕೆ. ಸಿಬ್ಬಂದಿ ಒಂಬತ್ತು ಜನ. ಕೊನೇ ಅಂಕದಲ್ಲಿ ಇಬ್ಬರು ಎಂಜಿನ್ ಕೋಣೆಗೆ ನುಗ್ಗಬೇಕು, ಒಬ್ಬರು ಗಾಯಾಳುಗಳನ್ನು ಕರೆದುಕೊಂಡು ವಾಪಸ್ ಹೋಗಬೇಕು, ಉಳಿದವರು ಬಾಗಿಲು ಕಾಯಬೇಕು. ಮಾಸ್ ಎಫೆಕ್ಟ್ 2 ಅನ್ನುವ ಬಾಹ್ಯಾಕಾಶದ ಕಂಪ್ಯೂಟರ್ ಆಟ ಆಡಿದವರಿಗೆ ಇದು ಎಲ್ಲಿಂದ ಬಂತು ಅಂತ ಗೊತ್ತಾಗಿರುತ್ತದೆ. ಬಯೋವೇರ್ 2010ರಲ್ಲಿ ತಂದ ಆ ಆಟದ ಕೊನೇ 'ಆತ್ಮಹತ್ಯಾ ದಾಳಿ' (ವಾಪಸ್ ಬರುವ ಭರವಸೆ ಇಲ್ಲದ ಕಾರ್ಯಾಚರಣೆ) ನನ್ನ ಮಟ್ಟಿಗೆ ಆಟಗಾರರ ಆಯ್ಕೆಗೆ ಸಿಕ್ಕ ಅತ್ಯಂತ ದೊಡ್ಡ ಮರ್ಯಾದೆ. (ಇನ್ನೂ ಆಡಿಲ್ಲದವರು ಇಲ್ಲಿಗೇ ನಿಲ್ಲಿಸಿ, ಆಡಿ ಬನ್ನಿ. ಮುಂದೆ ಎಲ್ಲ ಗುಟ್ಟೂ ಬಯಲಾಗುತ್ತದೆ.)

ಅಲ್ಲಿ ಸಾವು ಸುಮ್ನೆ ಬರುವುದಿಲ್ಲ. ಹಡಗಿಗೆ ಗಟ್ಟಿ ಕವಚ ಹಾಕಿಸದಿದ್ದರೆ ನಿಮ್ಮ ಸಂಗಾತಿ ಜ್ಯಾಕ್ ದಾರಿಯಲ್ಲೇ ಸಾಯುತ್ತಾಳೆ. ಹಡಗಿನ ಸಿಬ್ಬಂದಿಯನ್ನು ಶತ್ರುಗಳು ಹೊತ್ತೊಯ್ದ ಮೇಲೆ ನೀವು ಬೇರೆ ಕೆಲಸ ಮಾಡಿಕೊಂಡು ತಡ ಮಾಡಿದರೆ ಅವರಲ್ಲಿ ಅರ್ಧ ಜನ ಇರುವುದಿಲ್ಲ, ಇನ್ನೂ ತಡವಾದರೆ ಡಾಕ್ಟರ್ ಚಾಕ್ವಾಸ್ ಒಬ್ಬರೇ ಉಳಿಯುತ್ತಾರೆ. ಪ್ರತಿ ಸಾವಿಗೂ ಒಂದು ಕಾರಣ ಇದೆ, ಆ ಕಾರಣ ನಿಮ್ಮ ಕೈಯಿಂದಲೇ ಆದದ್ದು.

ನನಗೆ ಜಾಸ್ತಿ ಬೇಕಿದ್ದದ್ದು ಕೊನೇ ಬಾಗಿಲಿನ ಲೆಕ್ಕ. ಹಿಂದೆ ಉಳಿದು ಕಾಯುವ ಪ್ರತಿಯೊಬ್ಬ ಸಂಗಾತಿಗೂ ಆಟದ ಒಳಗೆ ಒಂದು ಅಂಕ (ಸ್ಕೋರ್) ಇದೆ. ಅವರವರ ಸ್ವಂತ ಕೆಲಸ ಮಾಡಿಕೊಟ್ಟು ನಿಷ್ಠೆ ಗಳಿಸಿದ್ದರೆ ಗ್ಯಾರಸ್, ಗ್ರಂಟ್, ಜಯೀದ್ ತಲಾ 4. ಟಾಲಿ, ಮಾರ್ಡಿನ್, ಜ್ಯಾಕ್, ಕಸೂಮಿ ತಲಾ 1. ಉಳಿದವರು 2. ನಿಷ್ಠೆ ಇಲ್ಲದಿದ್ದರೆ ಒಂದು ಕಡಿಮೆ. ಐದು ಅಥವಾ ಹೆಚ್ಚು ಜನ ಕಾಯುತ್ತಿದ್ದರೆ ಸರಾಸರಿ 2 ಮುಟ್ಟಬೇಕು. ಮುಟ್ಟದಿದ್ದರೆ ಒಬ್ಬರಾದರೂ ಹೋದರು ಅಂತಲೇ.

ಗಮನಿಸಿ, ಮೊತ್ತ ಅಲ್ಲ, ಸರಾಸರಿ. ಹನ್ನೆರಡೂ ಸಂಗಾತಿಗಳು ನಿಷ್ಠರಾಗಿದ್ದಾರೆ ಅಂದುಕೊಳ್ಳಿ. ಶೆಪರ್ಡ್ (ಆಟದಲ್ಲಿ ನೀವು) ಜೊತೆ ಗ್ಯಾರಸ್, ಗ್ರಂಟ್ ಹೋದರು. ಎಲ್ಲರೂ ಮೊದಲ ಸಲ ಹಾಗೇ ಮಾಡುವುದು, ಗಟ್ಟಿಗರು ಜೊತೆಗಿರಲಿ ಅಂತ. ಗಾಯಾಳುಗಳ ಜೊತೆ ಮಾರ್ಡಿನ್ ಹೋದ. ಉಳಿದ ಒಂಬತ್ತು ಜನರ ಮೊತ್ತ 17, ಸರಾಸರಿ 1.89. ಟಾಲಿ ಸತ್ತಳು. ಏನೂ ತಪ್ಪು ಮಾಡಿಲ್ಲ ಅನ್ನಿಸುತ್ತದೆ, ಅಲ್ವಾ? ಗಟ್ಟಿಗರನ್ನು ನಿಮ್ಮ ಪಕ್ಕಕ್ಕೆ ಎಳೆದುಕೊಂಡಿರಿ, ಬಾಗಿಲು ತೆಳ್ಳಗಾಯಿತು. ಅಷ್ಟೇ.

ಶರಾವತಿಯಲ್ಲಿ ನಾವು ಮೊದಲು ಮೊತ್ತದ ಲೆಕ್ಕವನ್ನೇ ಪರೀಕ್ಷೆ ಮಾಡಿದ್ದು. ಅಂಕ ಕೂಡಿಸು, ಗಡಿ ದಾಟಿದರೆ ಎಲ್ಲರೂ ಬದುಕಿದರು. ಆಡಿಸಿದರೆ ಪ್ರತಿ ಗುಂಪಿಗೂ ಅದೇ ಕೊನೆ. ಯಾಕೆಂದರೆ ಮೊತ್ತದಲ್ಲಿ ಒಬ್ಬರು ಜಾಸ್ತಿ ನಿಂತರೆ ಲಾಭವೇ ಹೊರತು ನಷ್ಟ ಇಲ್ಲ. ಯಾರನ್ನು ಎಲ್ಲಿಗೆ ಕಳಿಸಬೇಕು ಅಂತ ಒಬ್ಬರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಾಸ್ ಎಫೆಕ್ಟ್ 3ರಲ್ಲಿ ನನಗೆ ಬೇಜಾರಾದದ್ದೂ ಇದೇ. ಮೊದಲ ಆಟದಲ್ಲಿ ರಾಕ್ನಿ ಅನ್ನುವ ಕೀಟಜೀವಿಗಳ ರಾಣಿಗೆ ಜೀವದಾನ ಕೊಟ್ಟ ಆ ಕ್ಷಣ ಎಷ್ಟು ದೊಡ್ಡದು! ಕೊನೆಗೆ ಅದು ಯುದ್ಧದ ಆಸ್ತಿಗಳ ಪಟ್ಟಿಯಲ್ಲಿ ಒಂದು ಸಂಖ್ಯೆ. ಅದರ ಮೇಲೆ 2012ರ ಮಾರ್ಚ್‌ನಲ್ಲಿ ಆಟ ಬಂದಾಗ ಆ ಮೊತ್ತದ 50 ಶೇಕಡಾ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು, ಏರಿಸಬೇಕಾದರೆ ಆನ್‌ಲೈನಿನಲ್ಲಿ ಬೇರೆಯವರ ಜೊತೆ ಆಡಬೇಕಿತ್ತು. ಆಟದ ಕೊನೆ ನೋಡಿ ಜನ ರೊಚ್ಚಿಗೆದ್ದರು. ಜೂನ್‌ನಲ್ಲಿ ವಿಸ್ತರಿಸಿದ ಕೊನೆಯನ್ನು ಉಚಿತವಾಗಿ ಕೊಟ್ಟರು. ಆದರೂ ಮೊತ್ತ ಮೊತ್ತವೇ. ಅದರಲ್ಲಿ ಯಾರ ಮುಖವೂ ಕಾಣುವುದಿಲ್ಲ.

ಸರಿ, ಸರಾಸರಿ ತರೋಣ ಅಂದರೆ ಟೇಬಲ್ ಮೇಲೆ ಅದು ದೊಡ್ಡ ತಲೆನೋವು. ಕಂಪ್ಯೂಟರ್ ಆಟದಲ್ಲಿ ಭಾಗಾಕಾರ ತೆರೆಯ ಹಿಂದೆ ಕ್ಷಣದಲ್ಲಿ ಮುಗಿಯುತ್ತದೆ. ಇಲ್ಲಿ ಆಟ ನಡೆಸುವವನು ಮೊಬೈಲ್ ತೆಗೆದು ಕ್ಯಾಲ್ಕ್ಯುಲೇಟರ್ ಒತ್ತುತ್ತಿದ್ದರೆ ಬಾಗಿಲ ಬಳಿಯ ಯುದ್ಧದ ಬಿಸಿಯೆಲ್ಲ ಆರಿಹೋಗುತ್ತದೆ. ಆಟಗಾರರೂ ಬುದ್ಧಿವಂತರು. 1.83 ಅಂತ ಕಿವಿಗೆ ಬಿದ್ದ ತಕ್ಷಣ ಎಲ್ಲರೂ ಲೆಕ್ಕದ ಮೇಷ್ಟ್ರು.

ಆಮೇಲೆ ಚೀಲ ಬಂತು. ಪ್ರತಿಯೊಬ್ಬರೂ ನಾಲ್ಕು ಮಣಿ ಹಾಕುವುದು. ಗಟ್ಟಿಗರದು ನಾಲ್ಕೂ ಬಿಳಿ, ಮಧ್ಯದವರದು ಎರಡು ಬಿಳಿ ಎರಡು ಕಪ್ಪು, ಮೆತ್ತಗಿರುವವರದು ಒಂದೇ ಬಿಳಿ. ಕಲಸಿ ಹಿಡಿಯಷ್ಟು ತೆಗೆ. ಸರಾಸರಿ ತಾನಾಗೇ ಮಣಿಗಳ ಪಾಲಿನಲ್ಲಿ ಕೂತಿರುತ್ತದೆ. ನೋಡಲು ಬಹಳ ಚಂದ. ಮಣಿ ಕಳಿಸಿದ ಆನ್‌ಲೈನ್ ಅಂಗಡಿಯವರು ಮಾತ್ರ ಕಪ್ಪು ಮಣಿಯನ್ನು ಬೇರೆಯೇ ಪ್ಲಾಸ್ಟಿಕ್‌ನಲ್ಲಿ ಮಾಡಿದ್ದರು. ಬಿಳಿ ಹಗುರ, ಕಪ್ಪು ಭಾರ. ಕೈ ಹಾಕಿದರೆ ಬಣ್ಣ ಗೊತ್ತಾಗುತ್ತದೆ! ವಾಪಸ್ ಮಾಡಲು ಕೇಳಿದರೆ 'ಬಣ್ಣದ ವ್ಯತ್ಯಾಸ ಸಹಜ' ಅಂತ ಉತ್ತರ. ಬಣ್ಣದ ಬಗ್ಗೆ ಯಾರು ಕೇಳಿದರು ಸ್ವಾಮಿ, ತೂಕದ ಬಗ್ಗೆ ಕೇಳಿದ್ದು.

ಚೀಲ ಬಿಡಲು ನಿಜವಾದ ಕಾರಣ ತೂಕ ಅಲ್ಲ, ಅದೃಷ್ಟ. ಒಂದು ಗುಂಪು ಸಿಬ್ಬಂದಿಯ ಪ್ರತಿಯೊಬ್ಬರಿಗೂ ಕೊಟ್ಟ ಮಾತು ಉಳಿಸಿಕೊಂಡಿತ್ತು, ಜನರನ್ನೂ ಸರಿಯಾಗಿ ಹಂಚಿತ್ತು. ಆದರೂ ಹಿಡಿಯಲ್ಲಿ ಕಪ್ಪೇ ಬಂದು ಒಬ್ಬ ಸತ್ತ. 'ಹಾಗಾದರೆ ನಾವು ಅಷ್ಟೆಲ್ಲ ಯಾಕೆ ಮಾಡಿದೆವು?' ಅಂತ ಒಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ದಾರಿಯುದ್ದಕ್ಕೂ ದಾಳ ಉರುಳಲಿ, ಕೊನೆ ಮಾತ್ರ ಆಟಗಾರರದೇ ಆಗಿರಬೇಕು.

ಬಗೆಹರಿದದ್ದು ಹೀಗೆ. ಸರಾಸರಿ 2 ಮುಟ್ಟಬೇಕು ಅಂದರೆ ಏನು? ತಲೆಗೆ ಎರಡರಂತೆ ಖರ್ಚು. ನಾಲ್ಕು ತಂದವನು ಎರಡು ಉಳಿಸುತ್ತಾನೆ. ಎರಡು ತಂದವನದು ಸರಿಗೆ ಸರಿ. ಒಂದು ತಂದವನು ಒಂದು ಸಾಲ ಮಾಡುತ್ತಾನೆ. ಅಷ್ಟೇ! ಭಾಗಾಕಾರವೇ ಬೇಡ. ಗಟ್ಟಿಗರು ಬಂದರೆ ಬಟ್ಟಲಿಗೆ ಎರಡು ಬಿಳಿ ಬಿಲ್ಲೆ. ಮಧ್ಯದವರಿಗೆ ಏನೂ ಇಲ್ಲ. ಮೆತ್ತಗಿರುವವರಿಗೆ ಒಂದು ಕಪ್ಪು. ಯಾರಿಗಾದರೂ ಆಟಗಾರರು ಕೊಟ್ಟ ಮಾತು ತಪ್ಪಿದ್ದರೆ ಅವರ ಹೆಸರಿನಲ್ಲಿ ಇನ್ನೊಂದು ಕಪ್ಪು. ಬಿಳಿಗೆ ಕಪ್ಪು ವಜಾ ಮಾಡಿ. ಕಪ್ಪು ಉಳಿದರೆ ಸಾಲ ಯಾರಾದರೂ ತೀರಿಸಬೇಕು. ಮೊದಲು ಹೋಗುವುದು ಯಾರಿಗೆ ಕೊಟ್ಟ ಮಾತು ತಪ್ಪಿದೆಯೋ ಅವರು. ಲೆಕ್ಕ ಮಾಸ್ ಎಫೆಕ್ಟ್ 2ರದ್ದೇ, ಒಂದಿಷ್ಟೂ ಬದಲಾಗಿಲ್ಲ. ಟಾಲಿಯ ಉದಾಹರಣೆಯನ್ನೇ ಬಟ್ಟಲಿಗೆ ಹಾಕಿ ನೋಡಿ: ಜಯೀದ್‌ನಿಂದ ಎರಡು ಬಿಳಿ, ಟಾಲಿ, ಜ್ಯಾಕ್, ಕಸೂಮಿಯಿಂದ ಮೂರು ಕಪ್ಪು. ಒಂದು ಕಪ್ಪು ಉಳಿಯಿತು.

ಬಟ್ಟಲು ಸ್ಟೀಲಿನದೇ ಇರಲಿ. ಅಡ್ಡ ಹಲಗೆಯ ಹಿಂದೆ ಬಿಲ್ಲೆ ಬಿದ್ದಾಗ ಟಣ್ ಅನ್ನುತ್ತದೆ, ಬಣ್ಣ ಕಾಣುವುದಿಲ್ಲ. ಆಟಗಾರರು ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ.

ಮೊನ್ನೆ ಆಡಿಸಿದ್ದು ಹೇಳಲೇಬೇಕು. ಕಾವಲಿನ ರೋಸಿ ಮತ್ತು ಪೈಲಟ್ ಎಂಜಿನ್ ಕೋಣೆಗೆ. ವಾಪಸ್ ಯಾರು ಅನ್ನುವುದಕ್ಕೆ ಜಗಳ. 'ಡಾಕ್ಟ್ರನ್ನ ಕಳಿಸೋಣ ಕಣೋ, ಗಾಯ ಆಗಿರೋರು ಇದಾರೆ.' 'ಬಾಗಿಲಲ್ಲಿ ಗಾಯ ಆದ್ರೆ ಯಾರೋ ನೋಡೋರು?' ಕೊನೆಗೆ ಡಾಕ್ಟರ್ ಹೋದರು. ಬಾಗಿಲಲ್ಲಿ ಉಳಿದವರು ವೆಲ್ಡರ್ ಬಸಣ್ಣ, ಮಧ್ಯದವರು ಮೂವರು, ರೇಡಿಯೋ ಇಕ್ಬಾಲ್, ಅಡುಗೆಯ ಗೋಪಾಲಣ್ಣ. ಬಸಣ್ಣನ ಎರಡು ಬಿಳಿ. ಇಕ್ಬಾಲ್ ಒಂದು ಕಪ್ಪು, ಗೋಪಾಲಣ್ಣ ಒಂದು ಕಪ್ಪು. ಸರಿಹೋಯಿತು. ಆಗ ಇನ್ನೊಂದು ಟಣ್. ಎರಡನೇ ಅಂಕದಲ್ಲಿ ಇಂಧನ ಉಳಿಸಲು ಗೋಪಾಲಣ್ಣನ ಮಗಳಿಗೆ ಕೊಡಬೇಕಿದ್ದ ಪಾರ್ಸೆಲ್ ಬಿಟ್ಟು ಬಂದಿದ್ದರು. ಬಟ್ಟಲು ಮುಂದಿಟ್ಟು ಅವನ ಕಾರ್ಡ್ ತಿರುಗಿಸಿದೆ. 'ಅಯ್ಯೋ, ಆ ಪಾರ್ಸೆಲ್!' ಅಂತ ನಾಲ್ಕೂ ಜನ ಒಟ್ಟಿಗೆ ಕೂಗಿದರು. ನನಗೆ ಬೇಕಿದ್ದದ್ದು ಅದೇ ಕೂಗು. ಅಂಕ ಕಡಿಮೆಯಾಯಿತು ಅಂತ ಯಾರೂ ಅನ್ನಲಿಲ್ಲ, ಪಾರ್ಸೆಲ್ ಅಂದರು.

ಕಾರ್ಡ್ ಅಂದಾಗ ನೆನಪಾಯಿತು. ಪ್ರೆಸ್‌ನವರಿಗೆ ಪಿಡಿಎಫ್ ಕೊಟ್ಟರೆ ಬೇಡ ಅಂದರು, ಅವರೇ ಹಳೇ ಫಾಂಟಿನಲ್ಲಿ ಮತ್ತೆ ಕೂಡಿಸಿದರು. 'ಲಕ್ಷ್ಮೀ' ಮೂರು ತುಂಡಾಗಿ, ಒತ್ತಕ್ಷರ ಪಕ್ಕದ ಮನೆಗೆ ಹೋಗಿತ್ತು. 'ನಿಷ್ಠೆ'ಯ ಠ ಕೆಳಗಿಳಿಯಲೇ ಇಲ್ಲ. ಕನ್ನಡದ ಕಾರ್ಡ್ ಮಾಡಿಸುವವರಿಗೆ ಒಂದು ಮಾತು: ಅಕ್ಷರವನ್ನೆಲ್ಲ ಚಿತ್ರವಾಗಿ ಬದಲಿಸಿಯೇ ಕೊಡಿ, ಮುಟ್ಟಲು ಬಿಡಬೇಡಿ.

ನಡುವೆ ಮುಂದಿನ ಪ್ರಾಜೆಕ್ಟಿನ ಹುಳವೂ ತಲೆಗೆ ಹೊಕ್ಕಿದೆ. ದಾಳದ ಬದಲು ಚೌಕಾಬಾರದ ಕವಡೆ. ನಾಲ್ಕು ಕವಡೆ ಬಿಟ್ಟರೆ ಒಂದರಿಂದ ನಾಲ್ಕು, ಎಲ್ಲ ಬೋರಲು ಬಿದ್ದರೆ ಎಂಟು. ಎಲ್ಲ ಕಡೆ ಸೋತಾಗ ಒಮ್ಮೆಲೇ ಎಂಟು ಸಿಗುವ ಆ ಮಜಾ ಬಾಹ್ಯಾಕಾಶದ ಕಥೆಗೆ ಹೇಳಿ ಮಾಡಿಸಿದ್ದು. ಅದರ ಜೊತೆ 1997ರ ಕಂಪ್ಯೂಟರ್ ಆಟ ಫಾಲ್ಔಟ್‌ನ ಹಾಗೆ ಕೊನೆಯಲ್ಲಿ ಊರಿಗೊಂದು ಚೀಟಿ, ನೀವು ಬಿಟ್ಟುಬಂದ ಪ್ರತಿ ಊರು ಮುಂದೇನಾಯಿತು ಅಂತ. ಇರಲಿ, ಶರಾವತಿ ಮೊದಲು ದಡ ಮುಟ್ಟಲಿ.

ಒಂದು ತೊಡಕು ಉಳಿದಿದೆ. ಬಾಗಿಲಲ್ಲಿ ಮಧ್ಯದವರು ಇಬ್ಬರೇ ನಿಂತರೂ ಸಾಲ ಸೊನ್ನೆ, ಇಬ್ಬರೂ ಆರಾಮಾಗಿ ಬದುಕುತ್ತಾರೆ. ಇದು ಸರಿಯಲ್ಲ. ಮಾಸ್ ಎಫೆಕ್ಟ್ 2ರಲ್ಲೂ ಐದಕ್ಕಿಂತ ಕಡಿಮೆ ಜನ ಇದ್ದರೆ ಲೆಕ್ಕ ಬೇರೆ. ಈಗ ಬಾಗಿಲಿನ ಹಾಳೆಯ ಮೇಲೆ ಐದು ಜಾಗ ಬರೆದಿದ್ದೇನೆ, ಖಾಲಿ ಉಳಿದ ಪ್ರತಿ ಜಾಗಕ್ಕೂ ಒಂದು ಕಪ್ಪು ಬಿಲ್ಲೆ. ಕಾಗದದ ಮೇಲೆ ಕೂರುತ್ತಿದೆ, ಆದರೆ ದಾರಿಯಲ್ಲೇ ನಾಲ್ಕೈದು ಜನರನ್ನು ಕಳೆದುಕೊಂಡು ಬಂದ ಗುಂಪಿಗೆ ಅತಿ ಆಗುತ್ತದೋ ಏನೋ. ಬರುವ ಭಾನುವಾರ ಬೇಕಂತಲೇ ಕೆಟ್ಟದಾಗಿ ಆಡುವ ಗುಂಪನ್ನು ಕರೆದಿದ್ದೇನೆ, ಅವರು ಬಾಗಿಲು ಮುಟ್ಟುವಷ್ಟರಲ್ಲಿ ಎಷ್ಟು ಜನ ಉಳಿದಿರುತ್ತಾರೆ ಅಂತ ನೋಡಬೇಕು.