ಮಣ್ಣಿನ ಅಂಕಣದ ಒಂದು ಬೇಸಿಗೆ: ಬೆಳೆಗಾರರ ಕ್ಲಬ್ಬಿನ ಕೆಲಸದ ದಿನಚರಿ

31 ಮಾರ್ಚ್ 2025, ಸೋಮವಾರ

ನಿನ್ನೆ ಯುಗಾದಿ. ಇಂದು ಬೆಳಿಗ್ಗೆ ಏಳು ಗಂಟೆಗೆ ನಾಲ್ವರು ಸದಸ್ಯರು, ಕ್ಲಬ್ಬಿನ ಮಾರ್ಕರ್ (ಅಂಕಣಕ್ಕೆ ಗೆರೆ ಎಳೆದು ನೋಡಿಕೊಳ್ಳುವವರು) ಮತ್ತು ಇಬ್ಬರು ಕೆಲಸಗಾರರು ಸೇರಿ ಹಳೆಯ ಟೆನಿಸ್ ಅಂಕಣದ ಕಳೆ ಕೀಳಲು ಆರಂಭಿಸಿದೆವು. ಸಕಲೇಶಪುರ ತಾಲ್ಲೂಕಿನ ನಮ್ಮ ಈ ಬೆಳೆಗಾರರ ಕ್ಲಬ್ಬಿನಲ್ಲಿ ಇಸ್ಪೀಟಿನ ಕೋಣೆ, ಬಿಲಿಯರ್ಡ್ಸ್ ಮೇಜು ಮತ್ತು ಊಟದ ಮನೆ ಎಂದೂ ಬರಿದಾದದ್ದಿಲ್ಲ. ಆದರೆ ಮಣ್ಣಿನ ಅಂಕಣ ಆರು ವರ್ಷಗಳಿಂದ ಪಾಳು ಬಿದ್ದು, ಗರಿಕೆ ಮತ್ತು ಮುಟ್ಟಿದರೆ ಮುನಿ ಹಬ್ಬಿ, ಮದುವೆಯ ದಿನಗಳಲ್ಲಿ ಕಾರು ನಿಲ್ಲಿಸುವ ಜಾಗವಾಗಿಬಿಟ್ಟಿತ್ತು.

ಫೆಬ್ರುವರಿಯ ಸಭೆಯಲ್ಲಿ ಎರಡು ಸಲಹೆಗಳು ಬಂದಿದ್ದವು. ಡಾಂಬರು ಹಾಕಿಸಿ ಮೇಲೆ ಆಕ್ರಿಲಿಕ್ ಬಣ್ಣ ಬಳಿಸುವುದು ಒಂದು, ಮಣ್ಣನ್ನೇ ಮತ್ತೆ ಸರಿಪಡಿಸುವುದು ಇನ್ನೊಂದು. ಮೊದಲನೆಯದಕ್ಕೆ ಹಣ ಹೆಚ್ಚು, ನಿತ್ಯದ ಕೆಲಸ ಕಡಿಮೆ. ಎರಡನೆಯದಕ್ಕೆ ಹಣ ಕಡಿಮೆ, ನಿತ್ಯದ ಕೆಲಸ ಹೆಚ್ಚು. ಮಣ್ಣಿನ ಮೇಲೆ ಚೆಂಡು ನಿಧಾನವಾಗಿ, ಎತ್ತರಕ್ಕೆ ಪುಟಿಯುತ್ತದೆ, ಕಾಲು ಜಾರಿಸಿಕೊಂಡು ಚೆಂಡನ್ನು ಮುಟ್ಟಬಹುದು, ಐವತ್ತು ದಾಟಿದವರ ಮಂಡಿಗೂ ಅದು ಹಿತ. ಇಷ್ಟನ್ನು ನಾನು ಸಭೆಯ ಮುಂದಿಟ್ಟೆ. ನನ್ನ ಮನಸ್ಸಿನಲ್ಲಿದ್ದ ಇನ್ನೊಂದು ಕಾರಣವೆಂದರೆ, ದಿನವೂ ನೀರು ಹಾಕಿ, ಗುಡಿಸಿ, ರೋಲರ್ ಎಳೆಯಬೇಕಾದ ಅಂಕಣವು ಸದಸ್ಯರನ್ನು ಕುರ್ಚಿಯಿಂದ ಎಬ್ಬಿಸಿ ಒಂದು ಕೆಲಸಕ್ಕೆ ಸೇರಿಸುತ್ತದೆ ಎಂಬುದು. ಈ ಒಂದು ಬೇಸಿಗೆಯ ಮಟ್ಟಿಗೆ ಪ್ರಯೋಗ ಮಾಡಿ ನೋಡಲು ಸಭೆ ಒಪ್ಪಿತು.

6 ಏಪ್ರಿಲ್, ಭಾನುವಾರ

ಅಳತೆ ಮುಗಿಯಿತು. ಗೆರೆಗಳ ಒಳಗಿನ ಅಂಕಣ 78 ಅಡಿ ಉದ್ದ, ಡಬಲ್ಸಿಗೆ 36 ಅಡಿ ಅಗಲ; ಓಡಾಟದ ಜಾಗವೂ ಸೇರಿ ಒಟ್ಟು 120 ಅಡಿಗೆ 60 ಅಡಿ. ಕಟ್ಟಿದ ಹಿರಿಯರು ಅದನ್ನು ಉತ್ತರ ದಕ್ಷಿಣವಾಗಿಯೇ ಇಟ್ಟಿದ್ದಾರೆ, ಹಾಗಾಗಿ ಬೆಳಗಿನ ಬಿಸಿಲಾಗಲಿ ಸಂಜೆಯ ಬಿಸಿಲಾಗಲಿ ಆಟಗಾರರ ಕಣ್ಣಿಗೆ ನೇರವಾಗಿ ಹೊಡೆಯುವುದಿಲ್ಲ.

ತೊಂದರೆ ಇರುವುದು ಮಟ್ಟದಲ್ಲಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಹತ್ತು ಅಡಿಗೊಂದು ಗೂಟ ನೆಟ್ಟು ನೋಡಿದಾಗ, ಬಲೆಯ ಹತ್ತಿರ ನಡುಭಾಗವು ಮೂರು ಇಂಚು ಕುಸಿದಿರುವುದು ಗೊತ್ತಾಯಿತು. ಮಣ್ಣಿನ ಅಂಕಣ ಕಣ್ಣಿಗೆ ಸಮತಟ್ಟಾಗಿ ಕಂಡರೂ ನೀರು ಹರಿಯುವಷ್ಟು ಓಟ ಇರಲೇಬೇಕು. 30 ಅಡಿಗೆ ಒಂದು ಇಂಚಿನಂತೆ, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಒಂದೇ ಇಳಿಜಾರು. ನಮ್ಮ 60 ಅಡಿ ಅಗಲಕ್ಕೆ ಅದು ಎರಡು ಇಂಚು. ಪೂರ್ವದ ಅಂಚನ್ನು ಎತ್ತರಿಸಿ, ಪಶ್ಚಿಮದ ಚರಂಡಿಯ ಕಡೆಗೆ ಓಟ ಕೊಡುವುದೆಂದು ತೀರ್ಮಾನಿಸಿದೆವು.

ಮಾರ್ಕರ್ ಅವರ ವಯಸ್ಸು ಈಗ ಅರವತ್ತೊಂದು. ಅವರ ತಂದೆಯೂ ಇದೇ ಅಂಕಣದಲ್ಲಿ ಸುಣ್ಣದ ಗೆರೆ ಎಳೆದು, ಜೊತೆಗಾರ ಸಿಗದ ಸದಸ್ಯರೊಡನೆ ಆಡಿ, ಚೆಂಡು ಹೆಕ್ಕುವ ಹುಡುಗರನ್ನು ತರಬೇತುಗೊಳಿಸಿದವರು. "ಕಣ ಮಾಡೋದು ಗೊತ್ತಿದ್ರೆ ಇದೂ ಗೊತ್ತಿದ್ದಂಗೇ ಸರ್" ಎಂದು ಅವರು ಹೇಳಿದ ಮಾತು ಅಕ್ಷರಶಃ ನಿಜ. ಕಾಫಿ ಒಣಗಿಸಲು, ಭತ್ತ ಬಡಿಯಲು ಕಣ ಕೆತ್ತಿ, ನೀರು ಕುಡಿಸಿ, ದಮ್ಮಸು ಮಾಡಿ, ಸಗಣಿ ಸಾರಿಸುತ್ತಿದ್ದ ಕೈಗಳೇ ಈ ಅಂಕಣವನ್ನೂ ಕಟ್ಟಿದವು. ಸಿಮೆಂಟಿನ ಕಣ ಬಂದ ಮೇಲೆ ಆ ಕೆಲಸ ತಿಳಿದವರು ಪ್ರತಿ ತೋಟದಲ್ಲೂ ಕಡಿಮೆಯಾಗಿದ್ದಾರೆ. ಆದ್ದರಿಂದ ಅವರು ಹೇಳಿದ್ದನ್ನೆಲ್ಲ ನಾನು ಇಲ್ಲಿ ಬರೆದಿಡುತ್ತಿದ್ದೇನೆ.

13 ಏಪ್ರಿಲ್, ಭಾನುವಾರ

ತಳದ ಮಣ್ಣು ಸಿದ್ಧವಾಯಿತು. ಜಂಬಿಟ್ಟಿಗೆ ಮಣ್ಣು ಎರಡು ಪಾಲು, ಹುತ್ತದ ಮಣ್ಣು ಒಂದು ಪಾಲು, ಸಣ್ಣ ಮರಳು ಒಂದು ಪಾಲು. ಎಲ್ಲವನ್ನೂ ಜರಡಿ ಹಿಡಿದು ಕಲಸಲಾಗಿದೆ. ಗೆದ್ದಲು ತನ್ನ ಜೊಲ್ಲಿನಿಂದ ಬೆಸೆದ ನುಣ್ಣನೆಯ ಜೇಡಿಯಾದ್ದರಿಂದ ಹುತ್ತದ ಮಣ್ಣು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹುತ್ತವನ್ನು ಒಡೆಯಬಾರದೆಂಬ ನಂಬಿಕೆ ನಮ್ಮಲ್ಲಿ ಬಹಳ ಮಂದಿಗೆ ಇರುವುದರಿಂದ, ಮೂರು ತೋಟಗಳಲ್ಲಿ ತಾವಾಗಿಯೇ ಕುಸಿದು ಬಿದ್ದ ಹುತ್ತಗಳ ಮಣ್ಣನ್ನು ಮಾತ್ರ ತಂದೆವು. ಇದರಿಂದ ಒಂದು ವಾರ ತಡವಾಯಿತು, ಆದರೆ ಯಾರ ಮನಸ್ಸೂ ನೋಯಲಿಲ್ಲ.

ಮೇಲ್ಪದರದ ವಿಷಯ ಇನ್ನೂ ಸ್ವಾರಸ್ಯಕರವಾದದ್ದು. ಫ್ರೆಂಚ್ ಓಪನ್ ಟೆನಿಸ್ ನಡೆಯುವ ಪ್ಯಾರಿಸ್ಸಿನ ರೋಲಾಂ ಗಾರೋಸ್‌ನಲ್ಲಿ ಕಾಣುವ ಕೆಂಪು ಬಣ್ಣವೆಲ್ಲ ಒಂದೆರಡು ಮಿಲಿಮೀಟರ್ ದಪ್ಪದ ಇಟ್ಟಿಗೆಯ ಪುಡಿ. ಅದರ ಕೆಳಗಿರುವುದು ಬಿಳಿಯ ಸುಣ್ಣಕಲ್ಲಿನ ಪದರ, ಅದಕ್ಕೂ ಕೆಳಗೆ ಕಲ್ಲಿದ್ದಲಿನ ಕಿಟ್ಟ, ಜಲ್ಲಿ, ಕಲ್ಲು. 1880ರ ಸುಮಾರಿಗೆ ಫ್ರಾನ್ಸಿನ ಕಾನ್ ನಗರದಲ್ಲಿ ಬಿಸಿಲಿಗೆ ಹುಲ್ಲಿನ ಅಂಕಣ ಒಣಗುತ್ತಿದ್ದಾಗ, ಇಂಗ್ಲೆಂಡಿನ ಆಟಗಾರರಾದ ರೆನ್‌ಶಾ ಸಹೋದರರು ಕೆಟ್ಟುಹೋದ ಮಡಕೆಗಳನ್ನು ಪುಡಿ ಮಾಡಿಸಿ ಅದರ ಮೇಲೆ ಹೊದಿಸಿದರೆಂದೂ, ಕೆಂಪು ಅಂಕಣಗಳ ಪರಂಪರೆ ಅಲ್ಲಿಂದ ಮೊದಲಾಯಿತೆಂದೂ ಹೇಳುತ್ತಾರೆ. ಇದನ್ನು ಓದಿದಾಗ ನನಗೆ ನೆನಪಾದದ್ದು ಕ್ಲಬ್ಬಿನ ಹಿತ್ತಲಿನಲ್ಲಿ ರಾಶಿ ಬಿದ್ದಿದ್ದ ಮಂಗಳೂರು ಹಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟದ ಮೇಲಿನ ಮನೆಗಳ ಸೂರೆಲ್ಲ ಬದಲಾಯಿತು. ನಮ್ಮ ಕ್ಲಬ್ಬಿನ ಮಾಡಿನಿಂದ ಮೂರು ವರ್ಷಗಳ ಹಿಂದೆ ಇಳಿಸಿದ ಒಡಕು ಹಂಚುಗಳು ಎಂಟುನೂರಾದರೂ ಇವೆ.

ಲೆಕ್ಕ ಹಾಕಿದೆ. 7,200 ಚದರ ಅಡಿಗೆ ಎರಡು ಮಿಲಿಮೀಟರ್ ದಪ್ಪದಂತೆ ಸುಮಾರು 1.3 ಘನಮೀಟರ್, ಅಂದರೆ ಒಂದೂವರೆ ಟನ್ನಿಗಿಂತ ತುಸು ಹೆಚ್ಚು ಪುಡಿ ಬೇಕು. ಒಂದು ಹಂಚಿಗೆ ಎರಡೂವರೆ ಕಿಲೋ ಎಂದು ಹಿಡಿದರೆ 650 ಹಂಚು ಸಾಕು. ಸದಸ್ಯರೊಬ್ಬರು ತಮ್ಮ ಹಿಟ್ಟಿನ ಗಿರಣಿಯ ಹಳೆಯ ಯಂತ್ರವನ್ನು ಇದಕ್ಕೆಂದೇ ಬಿಟ್ಟುಕೊಟ್ಟಿದ್ದಾರೆ.

20 ಏಪ್ರಿಲ್, ಭಾನುವಾರ

ಮಕ್ಕಳ ಬೇಸಿಗೆ ಶಿಬಿರ ಸೋಮವಾರ ಆರಂಭವಾಗಿ ಒಂದು ವಾರ ಕಳೆಯಿತು. ಅಂಕಣ ಇನ್ನೂ ಸಿದ್ಧವಾಗಿಲ್ಲದ ಕಾರಣ ಬ್ಯಾಡ್ಮಿಂಟನ್ ಹಾಲಿನಲ್ಲೇ ಪಾಠ ನಡೆಯುತ್ತಿದೆ. ಹಾಸನದಿಂದ ಬರುವ ಯುವ ತರಬೇತುದಾರ್ತಿ ಚಿಕ್ಕವರಿಗೆ ಕೆಂಪು ಚೆಂಡು, ನಡುವಿನವರಿಗೆ ಕಿತ್ತಳೆ, ದೊಡ್ಡವರಿಗೆ ಹಸಿರು ಚೆಂಡು ಕೊಟ್ಟು ಕಲಿಸುತ್ತಿದ್ದಾರೆ. ಕೆಂಪು ಚೆಂಡು ಮಾಮೂಲಿ ಚೆಂಡಿಗಿಂತ ಮುಕ್ಕಾಲು ಪಾಲು ನಿಧಾನ, ಕಿತ್ತಳೆ ಅರ್ಧ, ಹಸಿರು ಕಾಲು.

ಇಪ್ಪತ್ತೆರಡು ಮಕ್ಕಳಲ್ಲಿ ಒಂಬತ್ತು ಮಂದಿ ಲೈನ್ ಮನೆಗಳ, ಅಂದರೆ ತೋಟದ ಕೆಲಸಗಾರರ ಸಾಲು ಮನೆಗಳ ಮಕ್ಕಳು. ಸದಸ್ಯರಲ್ಲದವರ ಮಕ್ಕಳನ್ನು ಸೇರಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಸಮಿತಿಯಲ್ಲಿ ಎರಡು ಸಂಜೆ ಚರ್ಚೆಯಾಯಿತು. ಅಂಕಣ ಕೆತ್ತುವವರ ಮಕ್ಕಳಿಗೆ ಆ ಅಂಕಣದಲ್ಲಿ ಆಡುವ ಹಕ್ಕಿಲ್ಲ ಎಂದು ಯಾವ ಬಾಯಿಂದ ಹೇಳುವುದು ಎಂದು ಕೇಳಿದ್ದು ನಮ್ಮ ಅತ್ಯಂತ ಹಿರಿಯ ಸದಸ್ಯೆ, ಊರಿಗೆಲ್ಲ ಅಕ್ಕ ಆಗಿರುವ ಎಂಬತ್ತನಾಲ್ಕರ ಹೆಂಗಸು. ಅನಂತರ ಯಾರೂ ಎದುರು ಮಾತನಾಡಲಿಲ್ಲ. ಈ ವಿಷಯ ಇನ್ನು ಪ್ರತಿ ವರ್ಷ ಚರ್ಚೆಗೆ ಬರಬಾರದು, ಕ್ಲಬ್ಬಿನ ನಿಯಮಾವಳಿಯಲ್ಲಿಯೇ ಸೇರಬೇಕು ಎಂದು ನಾನು ಲಿಖಿತವಾಗಿ ಕೋರಿದ್ದೇನೆ.

ಮಕ್ಕಳು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ರೋಹನ್ ಬೋಪಣ್ಣ ಅವರ ಬಗ್ಗೆ. ಕೊಡಗಿನ ಕಾಫಿ ಬೆಳೆಗಾರರ ಮನೆಯಿಂದ ಬಂದ ಅವರು 2017ರಲ್ಲಿ ಪ್ಯಾರಿಸ್ಸಿನ ಮಣ್ಣಿನ ಅಂಕಣದಲ್ಲೇ ಕೆನಡಾದ ಗೇಬ್ರಿಯೆಲಾ ದಾಬ್ರೋವ್‌ಸ್ಕಿ ಅವರೊಂದಿಗೆ ಮಿಶ್ರ ಡಬಲ್ಸ್ ಗೆದ್ದದ್ದನ್ನೂ, 2024ರಲ್ಲಿ 43ನೆಯ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದದ್ದನ್ನೂ ಹೇಳಿದೆ. ಕಾಫಿ ತೋಟದ ನಡುವಿನಿಂದಲೂ ಅಲ್ಲಿಗೆ ದಾರಿ ಇದೆ ಎಂಬುದು ಮಕ್ಕಳಿಗೆ ಅರ್ಥವಾದಂತೆ ಕಂಡಿತು.

27 ಏಪ್ರಿಲ್, ಭಾನುವಾರ

ಈ ವಾರ ಕೆಲಸ ಕಡಿಮೆ. ಮೂರು ಮದುವೆ, ಒಂದು ಗೃಹಪ್ರವೇಶ. ರೋಲರ್ ಮಾತ್ರ ದಿನವೂ ಎಳೆದಿದ್ದೇವೆ. ಮಣ್ಣು ಕೈಗೆ ಅಂಟದಷ್ಟು ಒಣಗಿ, ಹೆಬ್ಬೆರಳು ಒತ್ತಿದರೆ ತುಸು ಇಳಿಯುವಷ್ಟು ಹಸಿ ಇರುವಾಗಲೇ ಎಳೆಯಬೇಕು. ಹೆಚ್ಚು ಹಸಿಯಾದರೆ ಮಣ್ಣು ರೋಲರಿಗೆ ಸುತ್ತಿಕೊಳ್ಳುತ್ತದೆ, ಹೆಚ್ಚು ಒಣಗಿದರೆ ಬಿರುಕು ಬಿಡುತ್ತದೆ.

ಸದಸ್ಯರ ಸುದ್ದಿ: ಇಪ್ಪತ್ತು ವರ್ಷ ಕ್ಲಬ್ಬಿನ ಗ್ರಂಥಾಲಯವನ್ನು ನೋಡಿಕೊಂಡ ಹಿರಿಯರೊಬ್ಬರು ಗುರುವಾರ ತೀರಿಕೊಂಡರು. ಕಪಾಟಿನ ಪ್ರತಿ ಪುಸ್ತಕಕ್ಕೂ ತಾವೇ ರಟ್ಟು ಕಟ್ಟಿದವರು ಅವರು. ಶುಕ್ರವಾರ ಕ್ಲಬ್ಬು ಮುಚ್ಚಿತ್ತು. ಅವರ ಮಗ ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳುವುದಾಗಿ ತಿಳಿಸಿದ್ದಾರೆ, ಗ್ರಂಥಾಲಯದ ಬೀಗದ ಕೈಯನ್ನು ಅವರಿಗೇ ಕೊಡಲಾಗಿದೆ.

4 ಮೇ, ಭಾನುವಾರ

ಶುಕ್ರವಾರ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಶಿಬಿರದ ಮೂವರು ದೊಡ್ಡ ಮಕ್ಕಳೂ ಉತ್ತೀರ್ಣರಾಗಿದ್ದಾರೆ, ಅವರಲ್ಲಿ ಮಾರ್ಕರ್ ಅವರ ಮೊಮ್ಮಗಳು ಒಬ್ಬಳು. ಶನಿವಾರ ಹಜಾರದಲ್ಲಿ ಹಲಸಿನ ಹಪ್ಪಳ ಒತ್ತುವ ಕೆಲಸ ನಡೆಯಿತು. ಬಲಿತ ಕಾಯಿಯ ತೊಳೆ ಬೇಯಿಸಿ, ರುಬ್ಬಿ, ಜೀರಿಗೆ ಮೆಣಸು ಸೇರಿಸಿ, ಬಾಳೆ ಎಲೆಯ ಮೇಲೆ ಒತ್ತಿದ ಹಪ್ಪಳವನ್ನು ಒಣಗಿಸಲು ಅಂಕಣದ ಪೂರ್ವದ ಅಂಚೇ ಒಳ್ಳೆಯ ಜಾಗವೆಂದು ಹೆಂಗಸರು ತೀರ್ಮಾನಿಸಿದ್ದರಿಂದ ಅರ್ಧ ದಿನ ರೋಲರ್ ನಿಂತಿತು. ಕಣದ ಮೂಲ ಉಪಯೋಗವೇ ಒಣಗಿಸುವುದಾದ್ದರಿಂದ ನಾವು ಸಂತೋಷದಿಂದ ಒಪ್ಪಿದೆವು.

ಹಂಚಿನ ಪುಡಿ ಹರಡಿ ಮುಗಿದಿದೆ. ಎರಡು ಕಡೆ ಪುಡಿ ದಪ್ಪವಾಗಿ ಬಿದ್ದು ಕಾಲು ಹೂತುಕೊಳ್ಳುತ್ತಿತ್ತು; ಹಲಗೆಯಿಂದ ಎಳೆದು ಸರಿಪಡಿಸಿದೆವು. ತೇವ ಹಿಡಿದಿಡಲು ಕಲ್ಲುಪ್ಪು ಪುಡಿ ಮಾಡಿ ತೆಳುವಾಗಿ ಎರಚಲಾಗಿದೆ.

8 ಮೇ, ಗುರುವಾರ

ಬುಧವಾರ ಸಂಜೆ ಭರಣಿ ಮಳೆ ಒಂದು ಗಂಟೆ ಸುರಿಯಿತು. ಭರಣಿ ಮಳೆ ಬಂದರೆ ಧರಣಿ ಬದುಕೀತು ಎನ್ನುತ್ತಾರೆ, ಕಾಫಿಗೂ ಅದು ಬೇಕಾದದ್ದೇ. ಓಟ ಸರಿಯಾಗಿತ್ತು, ನೀರು ಪಶ್ಚಿಮದ ಚರಂಡಿಗೆ ಹರಿದು ಹೋಯಿತು. ಆ ಮಟ್ಟಿಗೆ ನಮ್ಮ ಲೆಕ್ಕ ಗೆದ್ದಿತು. ಆದರೆ ರಾತ್ರಿ ಆನೆಯೊಂದು ಹಿಂದಿನ ಬೇಲಿ ತುಳಿದು, ಮೆತ್ತಗಾಗಿದ್ದ ಅಂಕಣವನ್ನು ಮೂಲೆಯಿಂದ ಮೂಲೆಗೆ ದಾಟಿ, ಹಲಸಿನ ಮರದ ಬುಡಕ್ಕೆ ಹೋಗಿದೆ. ಬೆಳಿಗ್ಗೆ ನೋಡಿದಾಗ ಮೂವತ್ತೊಂದು ಹೆಜ್ಜೆಗಳು, ಕೆಲವು ಎರಡು ಇಂಚು ಆಳ.

ನನಗೆ ಕಣ್ಣು ತುಂಬಿ ಬಂತು. ಮಕ್ಕಳು ಮಾತ್ರ ಟೇಪ್ ಹಿಡಿದು ಬಂದರು. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಆನೆಯ ಭುಜದ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ ಎಂದು ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಸಿಬ್ಬಂದಿ ಅವರಿಗೆ ಹೇಳಿಕೊಟ್ಟರು. ಸುತ್ತಳತೆ 4 ಅಡಿ 3 ಇಂಚು ಬಂತು, ಅಂದರೆ ಎತ್ತರ ಎಂಟೂವರೆ ಅಡಿ. ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಆನೆ ಎಂದರೆ ಜೀವಭಯದ ವಿಷಯ. ನಮ್ಮ ಸುತ್ತ ಮನೆಯವರನ್ನು ಕಳೆದುಕೊಂಡ ಕುಟುಂಬಗಳಿವೆ. ಆದ್ದರಿಂದ ಸಂಜೆಯ ಪಾಠವನ್ನು ಇನ್ನು ಐದು ಗಂಟೆಗೇ ಮುಗಿಸಿ, ಮಕ್ಕಳನ್ನು ಜೀಪಿನಲ್ಲಿ ಮನೆಗೆ ತಲುಪಿಸುವ ವ್ಯವಸ್ಥೆ ಮಾಡಿದ್ದೇವೆ. ಬಿದ್ದ ಹಲಸಿನ ಹಣ್ಣುಗಳನ್ನೆಲ್ಲ ಇಂದೇ ತೆಗೆಸಿದೆವು.

ಹೆಜ್ಜೆ ಮುಚ್ಚುವುದಕ್ಕೂ ಒಂದು ಕ್ರಮವಿದೆ. ಕುಳಿಯೊಳಗೆ ಬರಿದೆ ಮಣ್ಣು ತುಂಬಿದರೆ ಅದು ಬಿಲ್ಲೆಯಂತೆ ಎದ್ದು ಬರುತ್ತದೆ. ಕುಳಿಯ ಅಂಚು ಕೆತ್ತಿ ಒರಟು ಮಾಡಿ, ನೀರು ಚಿಮುಕಿಸಿ, ಎರಡು ಪದರದಲ್ಲಿ ಮಣ್ಣು ತುಂಬಿ ದಿಮ್ಮಿಯಿಂದ ಬಡಿಯಬೇಕು. ಮೂರು ದಿನವಾದರೂ ಹಿಡಿಯಬಹುದು.

18 ಮೇ, ಭಾನುವಾರ

ಇಂದು ಅಂಕಣ ತೆರೆಯಿತು. ಅಕ್ಕ ತಮ್ಮ ಮರದ ರ‍್ಯಾಕೆಟ್ ತಂದಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಅವರು ಇಲ್ಲಿ ಸೀರೆಯುಟ್ಟೇ ಆಡುತ್ತಿದ್ದರಂತೆ. ಬಲೆಯನ್ನು ನಡುವೆ ಮೂರು ಅಡಿಗೆ, ಕಂಬದ ಬಳಿ ಮೂರೂವರೆ ಅಡಿಗೆ ಎಳೆದು ಕಟ್ಟಿ, ಮಾರ್ಕರ್ ಸುಣ್ಣದ ಕೊನೆಯ ಗೆರೆ ಎಳೆದ ಮೇಲೆ, ಮೊದಲ ಚೆಂಡನ್ನು ಅಕ್ಕ ಮಾರ್ಕರ್ ಕಡೆಗೆ ಹೊಡೆದರು, ಅವರು ಹಿಂದಿರುಗಿಸಿದರು. ಆರು ಬಾರಿ ಹೋಗಿ ಬಂತು. ಅನಂತರ ಸಂಜೆಯವರೆಗೂ ಆಟ ನಿಲ್ಲಲಿಲ್ಲ. ಪ್ರತಿ ಜೋಡಿಯೂ ಆಟ ಮುಗಿದ ಮೇಲೆ ಗೋಣಿಚೀಲದ ಚಾಪೆ ಎಳೆದು ಅಂಕಣ ಸಮಮಾಡಿಯೇ ಹೊರಬರಬೇಕೆಂಬ ನಿಯಮವನ್ನು, ಇಸ್ಪೀಟಿನ ಕೋಣೆ ಬಿಟ್ಟು ಕದಲದ ಇಬ್ಬರು ಹಿರಿಯರೂ ಪಾಲಿಸಿದರು.

25 ಮೇ, ಭಾನುವಾರ

ಮುಂಗಾರು ನಿನ್ನೆಯೇ ಕೇರಳಕ್ಕೆ ಬಂದಿದೆ. ವಾಡಿಕೆಗಿಂತ ಎಂಟು ದಿನ ಮೊದಲು, 2009ರ ಬಳಿಕ ಇಷ್ಟು ಬೇಗ ಬಂದದ್ದಿಲ್ಲ. ಜೂನ್ ಹತ್ತರವರೆಗೆ ಆಡಬಹುದೆಂದುಕೊಂಡಿದ್ದ ನಮಗೆ ಸಿಕ್ಕಿದ್ದು ಐದೇ ದಿನ. ಶುಕ್ರವಾರವೇ ಬಲೆ ಬಿಚ್ಚಿ, ಮಲೆನಾಡಿನ ಮಣ್ಣಿನ ಗೋಡೆಗಳಿಗೆ ತಟ್ಟಿ ಕಟ್ಟುವ ಹಾಗೆ ಅಡಿಕೆ ಸೋಗೆಯನ್ನು ಎರಡು ಪದರವಾಗಿ ಹೊದಿಸಲು ಆರಂಭಿಸಿದೆವು. ಮಳೆಹನಿಯ ಹೊಡೆತ ಮಣ್ಣಿಗೆ ನೇರವಾಗಿ ತಾಗದಿದ್ದರೆ ಸಾಕು. ಹದಿನಾಲ್ಕು ಮಂದಿ ಸದಸ್ಯರು ನೆನೆಯುತ್ತಾ ಸೋಗೆ ಹೊತ್ತರು. ಮಾರ್ಚಿನಲ್ಲಿ ಕಳೆ ಕೀಳಲು ಬಂದವರು ನಾಲ್ವರೇ ಎಂಬುದನ್ನು ಇಲ್ಲಿ ಗುರುತಿಸಬೇಕು.

9 ಜೂನ್, ಸೋಮವಾರ

ನಿನ್ನೆ ಸಂಜೆ ಹಜಾರದ ಟಿವಿಯಲ್ಲಿ ಪ್ಯಾರಿಸ್ಸಿನ ಫ್ರೆಂಚ್ ಓಪನ್ ಪುರುಷರ ಅಂತಿಮ ಪಂದ್ಯ. ಹೊರಗೆ ಮಳೆ, ಕರೆಂಟು ಹೋಗಿ ಜನರೇಟರ್ ಓಡುತ್ತಿತ್ತು. ಅಲ್ಕರಾಸ್ ಮೂರು ಚಾಂಪಿಯನ್‌ಶಿಪ್ ಪಾಯಿಂಟುಗಳನ್ನು ತಪ್ಪಿಸಿಕೊಂಡು ಸಿನ್ನರ್ ಅವರನ್ನು ಐದು ಸೆಟ್‌ಗಳಲ್ಲಿ ಸೋಲಿಸಲು 5 ಗಂಟೆ 29 ನಿಮಿಷ ಹಿಡಿಯಿತು. ಆ ಟೂರ್ನಿಯ ಅಂತಿಮ ಪಂದ್ಯಗಳಲ್ಲೇ ಅತಿ ದೀರ್ಘವಾದದ್ದು. ಮಕ್ಕಳಲ್ಲಿ ಏಳು ಮಂದಿ ಕೊನೆಯವರೆಗೂ ಎಚ್ಚರವಿದ್ದರು. ಸೆಟ್ ಮುಗಿದಾಗ ಸಿಬ್ಬಂದಿ ಚಾಪೆ ಎಳೆಯುವುದನ್ನು ಕಂಡು ಮಾರ್ಕರ್ ಅವರ ಮೊಮ್ಮಗಳು ತಾತನ ತೋಳು ಹಿಡಿದು ತೋರಿಸಿದಳು.

ಇಂದು ಬೆಳಿಗ್ಗೆ ಸೋಗೆ ಎತ್ತಿ ನೋಡಿದೆವು. ನೈರುತ್ಯ ಮೂಲೆಯಲ್ಲಿ ಚರಂಡಿ ಕಟ್ಟಿಕೊಂಡು ಒಂದು ಮಾರು ಜಾಗ ಮೆತ್ತಗಾಗಿದೆ, ಉಳಿದದ್ದು ಗಟ್ಟಿಯಾಗಿದೆ. ಚರಂಡಿ ಬಿಡಿಸಿ, ಅಲ್ಲಿಗೆ ಇನ್ನೊಂದು ಪದರ ಸೋಗೆ ಹೊದಿಸಿದೆವು. ನೂರೈವತ್ತು ಹಂಚು ಉಳಿದಿವೆ. ದಸರೆಯ ಹೊತ್ತಿಗೆ ಮಳೆ ಬಿಟ್ಟ ಮೇಲೆ ಅವನ್ನು ಪುಡಿ ಮಾಡಿಸಬೇಕು.