ಯಾವ ಮಗ್ಗಲಾ ಮಲಗತಾಳ್ರಿ?

ಗಾದಿ ಮಾಡುವ ಚಾಚಾ ಅಳತೆ ಬರೆದುಕೊಂಡು, ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿ, ನನ್ನ ಮುಖ ನೋಡದೆಯೇ ಕೇಳಿದರು: “ನಿಮ್ಮ ಹುಡುಗಿ ಯಾವ ಮಗ್ಗಲಾ ಮಲಗತಾಳ್ರಿ ಸರ್ರ?”

ಶನಿವಾರ ಬೆಳಗಿನ ಶಾಲೆ ಮುಗಿಸಿ ಹಂಗೇ ಅಲ್ಲಿಗೆ ಹೋಗಿದ್ದೆ. ಕೈಯಲ್ಲಿ ಚೀಲ, ಚೀಲದಲ್ಲಿ ಎಂಟನೇ ಕ್ಲಾಸಿನ ಟೆಸ್ಟ್ ಪೇಪರು. ಪ್ರಶ್ನೆ ಅರ್ಥವಾಗದೆ “ಎಲ್ಲಾರ ಮಲಗಿದಂಗ ಮಲಗತಾಳ್ರಿ” ಎಂದುಬಿಟ್ಟೆ. ಇಂದು ಬುಧವಾರ. ಆ ಉತ್ತರಕ್ಕೆ ಇನ್ನೂ ನಾಚಿಕೆಯಾಗುತ್ತಿದೆ.

ಮಗಳು ಧಾರವಾಡದಲ್ಲಿ ಡಿಗ್ರಿಗೆ ಸೇರಿ ಎರಡು ತಿಂಗಳಾಯಿತು. ಹೋದ ವಾರ ಫೋನಿನಲ್ಲಿ ಅವ್ವನ ಹತ್ತಿರ “ಡುಬ್ಬ ಹಿಡದದ, ನಿದ್ದಿ ಹತ್ತವಲ್ತು” ಅಂದಿದ್ದಳಂತೆ. ನನ್ನ ಹತ್ತಿರ ಅಂದದ್ದು ಮಾತ್ರ “ಎಲ್ಲಾ ಆರಾಮ ಐತಿ ಪಪ್ಪಾ.” ಹಾಸ್ಟೆಲಿನ ಸುದ್ದಿಗಳೆಲ್ಲ ನನಗೆ ಸೋಸಿಯೇ ಬರುತ್ತವೆ.

ಆರಾಮ ಇರಬಾರದು ಎಂದೇನೂ ಇರಲಿಲ್ಲ. ಸೇರಿಸುವಾಗಲೇ ನಾಲ್ಕು ಇಂಚಿನ ಫೋಮ್ ಗಾದಿ ಕೊಡಿಸಿದ್ದೆವು. ಅದು ನನ್ನ ಹೆಂಡತಿಯ ತಮ್ಮನ ಸಲಹೆ. ಅವನು ಬೆಂಗಳೂರಿನಲ್ಲಿದ್ದಾನೆ. ‘ಆರ್ಥೋಪೆಡಿಕ್’ ಎಂಬ ಮಾತಿಲ್ಲದೆ ಅವನಿಗೆ ಮಂಚದ ಮೇಲೆ ಕೂರಲೂ ಬರುವುದಿಲ್ಲ. ರೊಟ್ಟಿ ಸುತ್ತಿದಂತೆ ಬಿಗಿಯಾಗಿ ಸುತ್ತಿ ಡಬ್ಬಿಯಲ್ಲಿ ತುಂಬಿ ಕಳಿಸಿದ್ದರು. ಪ್ಲಾಸ್ಟಿಕ್ ಕತ್ತರಿಸಿದ ಕೂಡಲೇ ಉಸಿರು ತಗೊಂಡು ಎದ್ದು ಕೂತಿತು. ನೋಡಲು ಚೆಂದ. ಆದರೆ ಅದರ ಅಗಲ ಮೂರು ಅಡಿ, ಹಾಸ್ಟೆಲಿನ ಮಂಚ ಎರಡೂವರೆ. ಅರ್ಧ ಅಡಿ ಗಾದಿ ಗಾಳಿಯಲ್ಲಿ ತೂಗುತ್ತಿತ್ತು. ಮೊದಲ ವಾರದಲ್ಲೇ ಹುಡುಗಿ ಎರಡು ಸಲ ನೆಲ ಕಂಡಳು. ಇದೂ ಅವ್ವನ ಮೂಲಕವೇ ಬಂದ ಸುದ್ದಿ.

ಮಂಚವಾದರೂ ಎಂಥದ್ದು! ಕಬ್ಬಿಣದ ಚೌಕಟ್ಟು, ನಡುವೆ ಅಡ್ಡಡ್ಡ ಕಬ್ಬಿಣದ ಪಟ್ಟಿ. ಸೇರಿಸಲು ಹೋದ ದಿನ ನಾನೇ ಎಣಿಸಿದ್ದೆ, ಎರಡು ಪಟ್ಟಿ ಇರಲಿಲ್ಲ. ಇಲ್ಲದ್ದು ಸರಿಯಾಗಿ ಟೊಂಕ ಬರುವ ಜಾಗದಲ್ಲಿ. ಯಾವ ಗಾದಿ ಹಾಕಿದರೂ ಅಲ್ಲಿ ಕುಣಿ ಬೀಳಲೇಬೇಕು. ಚಾಚಾಗೆ ಇದನ್ನು ಹೇಳಿದಾಗ ಅವರು “ಮೊದಲ ಮಂಚಾ ರಿಪೇರಿ ಮಾಡಸ್ರಿ, ಆಮ್ಯಾಲ ನನ್ನ ಗಾದಿ ಒಯ್ರಿ. ಕುಣಿ ಮ್ಯಾಲ ಮಕಮಲ್ ಹಾಸಿದ್ರೂ ಕುಣೀನ” ಎಂದರು. ಅದಕ್ಕೆ ಒಂದು ಪ್ಲೈವುಡ್ ಹಲಗೆ ಸಾಕಾಯಿತು. ಧಾರವಾಡದಲ್ಲೇ ಅಳತೆ ಕೊಟ್ಟು ಕತ್ತರಿಸಿಕೊಂಡೆ. ಆ ಕೆಲಸ ಅಷ್ಟೇ.

ಚಾಚಾನ ಅಂಗಡಿ ನಮ್ಮ ಗದಗಿನ ಹಳೇ ಓಣಿಯೊಂದರಲ್ಲಿದೆ. ಅಂಗಡಿ ಅಂದರೆ ಒಂದು ಕೋಣೆ, ಒಂದು ಹಿಂಜುವ ಮಷಿನ್ನು, ಗ್ವಾಡಿಗೆ ಆನಿಸಿಟ್ಟ ಖೋಳದ ಬಟ್ಟೆಯ ಥಾನುಗಳು. ಹತ್ತಿಯ ದೂಳು ಅವರ ಹುಬ್ಬಿನ ಮೇಲೂ ಕೂತಿತ್ತು. ನಾನು ಸಣ್ಣವನಿದ್ದಾಗ ಇದೇ ಓಣಿಯಲ್ಲಿ ಅವರ ಅಪ್ಪ ಬಿಲ್ಲು ಹಿಡಿದು ಹಿಂಜುತ್ತಿದ್ದರು. ಠಂಯ್ ಠಂಯ್ ಎಂಬ ಆ ನಾದ ಕೇಳಿದರೆ ಯಾರದೋ ಮನೆಯಲ್ಲಿ ಮದುವೆ ಇದೆ ಎಂದು ಗೊತ್ತಾಗುತ್ತಿತ್ತು. ಈಗ ಮಷಿನ್ನಿನ ಸದ್ದಿಗೆ ಯಾವ ಮನೆಯ ಸುದ್ದಿಯೂ ತಿಳಿಯುವುದಿಲ್ಲ.

ನಮ್ಮದು ಹತ್ತಿಯ ಸೀಮೆ. ಒಂದು ಕಾಲಕ್ಕೆ ಇಲ್ಲಿನ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಹಾಗಾಗಿ ಒಂದು ಕಾಳೂ ಹತ್ತಿ ಬೆಳೆಯದ ಕುಮಟೆಯ ಹೆಸರೇ ನಮ್ಮ ಹತ್ತಿಗೆ ಅಂಟಿಕೊಂಡಿತು. 1972ರಲ್ಲಿ ವರಲಕ್ಷ್ಮಿ ಎಂಬ ಹೈಬ್ರಿಡ್ ತಳಿ ಹುಟ್ಟಿದ್ದೂ ಇದೇ ಧಾರವಾಡದಲ್ಲಿ, ಹತ್ತಿ ತಳಿ ವಿಜ್ಞಾನಿ ಡಾ. ಕಟರಕಿಯವರ ಕೈಯಲ್ಲಿ. ಅದು ಉದ್ದ ಎಳೆಯ ಹತ್ತಿ. ಆದರೆ ಉದ್ದ ಎಳೆ ಯಾವತ್ತೂ ಮಿಲ್ಲಿಗೇ ಹೋಗುತ್ತದೆ, ಗಾದಿಗೆ ಬರುವುದು ಗಿಡ್ಡ ಎಳೆ. ಊರ ತುಂಬ ಹತ್ತಿ ಬೆಳೆದು, ನಾವು ಮಕ್ಕಳಿಗೆ ಡಬ್ಬಿಯಲ್ಲಿ ಬಂದ ಸ್ಪಂಜು ಕೊಡಿಸುತ್ತಿದ್ದೇವೆ. ಇದನ್ನು ಚಾಚಾಗೆ ಹೇಳಿದೆ. ಅವರು “ಹತ್ತೀನೂ ಈಗ ಹತ್ತಿ ಆಗಿ ಉಳದಿಲ್ರಿ, ವೇಸ್ಟ್ ತುಂಬಿ ಕೊಡಾವ್ರೂ ಅದಾರ” ಎಂದು ಒಂದು ಮುಷ್ಟಿ ಹತ್ತಿಯನ್ನು ನನ್ನ ಅಂಗೈಯಲ್ಲಿಟ್ಟು ಒತ್ತಿ ಬಿಟ್ಟರು. ನಿಧಾನಕ್ಕೆ ಅರಳಿಕೊಂಡಿತು. “ಎದ್ದು ಬರತೈತಿ ನೋಡ್ರಿ. ಎದ್ದು ಬರದಿದ್ರ ತಗೋಬ್ಯಾಡ್ರಿ.”

ಆಮೇಲೆ ಮತ್ತೆ ಅದೇ ಪ್ರಶ್ನೆ. “ಹೇಳಲಿಲ್ರಿ ನೀವು. ಯಾವ ಮಗ್ಗಲಾ?”

“ಅದರಿಂದ ಏನಾಗತೈತ್ರಿ ಚಾಚಾ?”

“ಏನಾಗತೈತಿ ಅಂದ್ರ? ಅಂಗಾತ ಮಲಗವರಿಗೆ ಗಾದಿ ಬಿಗಿ ಇರಬೇಕು, ಇಲ್ಲಂದ್ರ ಟೊಂಕ ಒಳಗ ಇಳೀತೈತಿ. ಬೋರಲ ಮಲಗವರಿಗೆ ತೆಳ್ಳಗ ಬೇಕು. ಮಗ್ಗಲಾ ಮಲಗವರಿಗೆ ಬೇರೇನ. ಮೈಭಾರ ಎಲ್ಲಾ ಭುಜದ ಮ್ಯಾಲ, ಟೊಂಕದ ಎಲವಿನ ಮ್ಯಾಲ ಬೀಳತೈತಿ. ಅಲ್ಲಿ ಎರಡ ಮುಷ್ಟಿ ಹತ್ತಿ ಹೆಚ್ಚಿಗಿ ಕೊಡಬೇಕು, ಹಿಂಜಿ ಹಗೂರ ಮಾಡಿ. ಇದು ನಿಮಗ ತಿಳಿಯಂಗಿಲ್ಲ ಬಿಡ್ರಿ.”

ತಿಳಿಯುವುದಿಲ್ಲವಂತೆ! ಇಪ್ಪತ್ತೆರಡು ವರ್ಷದಿಂದ ನಾನು ವಿಜ್ಞಾನದ ಮಾಸ್ತರ. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಎಂಟನೇ ಕ್ಲಾಸಿನ ಪಾಠ. ತಲೆಯ ಮೇಲೆ ಕೊಡ ಹೊರುವವರು ಸಿಂಬಿ ಯಾಕೆ ಇಟ್ಟುಕೊಳ್ಳುತ್ತಾರೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತೇನೆ. ಚೀಲದಲ್ಲಿದ್ದ ಟೆಸ್ಟ್ ಪೇಪರಿನ ಮೂರನೇ ಪ್ರಶ್ನೆಯೂ ಅದೇ. ಆ ಸಿಂಬಿಯನ್ನು ಒಮ್ಮೆಯೂ ಮಗಳ ಭುಜದ ಕೆಳಗೆ ಇಟ್ಟು ನೋಡಿರಲಿಲ್ಲ ನಾನು.

ಹೆಂಡತಿಗೆ ಫೋನ್ ಹಚ್ಚಿದೆ. ಕುಕ್ಕರಿನ ಸೀಟಿಯ ನಡುವೆಯೇ ಉತ್ತರ ಬಂತು. “ಬಲಮಗ್ಗಲಾ. ಎರಡನೇತ್ತಾ ಇದ್ದಾಗ ಎಡಗಿವಿ ಸೋರತಿತ್ತಲ್ಲ, ಔಷಧ ಹಾಕಿ ಬಲಕ್ಕ ಹೊಳ್ಳಿಸಿ ಮಲಗಸ್ತಿದ್ದೆ, ಅದ ರೂಢಿ ಆಗೇತಿ. ಕಾಲನಡಕ ದಿಂಬು ಬೇಕ ಬೇಕು. ಯಾಕ್ರೀ?”

ಯಾಕೆ ಅಂತ ಏನು ಹೇಳಲಿ. ಮಗಳ ಎಸ್ಸೆಸ್ಸೆಲ್ಸಿ ಅಂಕಗಳನ್ನು ವಿಷಯವಾರು ಹೇಳಬಲ್ಲೆ. ಆಕೆಯ ಆದಾಯ ಪ್ರಮಾಣಪತ್ರದ ಅವಧಿ ಎಂದು ಮುಗಿಯುತ್ತದೆಂದು ಗೊತ್ತು, ಫೀಯಿನ ಎರಡನೇ ಕಂತು ಯಾವ ತಾರೀಖಿನೊಳಗೆ ತುಂಬಬೇಕೆಂದು ಗೊತ್ತು. ಕಿವಿ ಸೋರುತ್ತಿದ್ದದ್ದೂ ನೆನಪಿದೆ. ಡಾಕ್ಟರ ಹತ್ತಿರ ಕರೆದೊಯ್ದವನು ನಾನೇ. ಕರೆದೊಯ್ದು ತಂದೆ, ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ ಅಂತ ಕಾಣುತ್ತದೆ. ರಾತ್ರಿಯ ಪಾಳಿ ಬೇರೆಯವರದಾಗಿತ್ತು.

“ಬಲಮಗ್ಗಲಾ ಅಂತ್ರಿ” ಎಂದೆ, ನನಗೇ ನೆನಪಾದಂತೆ. ಚಾಚಾ ನಕ್ಕರು. “ಎಡಾ ಬಲಾ ನನಗ ಬೇಕಿಲ್ರಿ, ಮಗ್ಗಲಾ ಅಂದ್ರ ಸಾಕು.” ಫೋನ್ ಮಾಡಿದ್ದನ್ನು ಕೇಳಿಸಿಕೊಂಡಿದ್ದರಲ್ಲ.

ಏಳು ಕಿಲೋ ಹತ್ತಿ, ಆರು ಅಡಿಗೆ ಎರಡೂವರೆ. ಖೋಳದಲ್ಲಿ ಪದರು ಪದರಾಗಿ ಹರವಿ, ಕೋಲಿನಿಂದ ಬಡಿದು, ಭುಜದ ಜಾಗ ಅಂದಾಜಿಸಲು ನನ್ನ ಭುಜವನ್ನೇ ಒಮ್ಮೆ ಮುಟ್ಟಿ ನೋಡಿದರು. “ನಿಮ್ಮಷ್ಟ ಎತ್ತರ ಅದಾಳೇನ್ರಿ?” ಇದಕ್ಕೆ ಮಾತ್ರ ನನಗೆ ಉತ್ತರ ಗೊತ್ತಿತ್ತು: ನನ್ನ ಕಿವಿಯ ತನಕ. ಉದ್ದನೆಯ ಸೂಜಿಯಲ್ಲಿ ದಪ್ಪ ದಾರ ಪೋಣಿಸಿ ಟಾಕೆ ಹಾಕುವಾಗ ಅವರು ಮಾತಾಡಲಿಲ್ಲ. ಟಾಕೆ ದೂರ ದೂರ ಬಿದ್ದರೆ ಹತ್ತಿ ಸರಿದು ಗಂಟಾಗುತ್ತದೆ, ತೀರ ಹತ್ತಿರ ಬಿದ್ದರೆ ಗಾದಿ ಹಲಗೆಯಾಗುತ್ತದೆ. ಸಂಜೆ ಆರಕ್ಕೆ ಕೈಗೆ ಕೊಟ್ಟು, “ಧಾರವಾಡದ ಮಳಿ ಐತ್ರಿ. ಬಿಸಲ ಬಿದ್ದ ದಿನಾ ತಪ್ಪದ ಒಣಗಸಾಕ ಹೇಳ್ರಿ” ಎಂದರು. ಹತ್ತಿ ಸುಮ್ಮನೆ ಗಾಳಿಯಿಂದಲೇ ತನ್ನ ತೂಕದ ನೂರಕ್ಕೆ ಎಂಟರಷ್ಟು ನೀರು ಕುಡಿಯುತ್ತದೆ. ಶ್ರಾವಣದ ಧಾರವಾಡದಲ್ಲಿ ಇನ್ನೂ ಹೆಚ್ಚೇ ಕುಡಿದೀತು. ಇದನ್ನಾದರೂ ಹೇಳಿ ಮಾನ ಉಳಿಸಿಕೊಳ್ಳಬೇಕೆನಿಸಿತು. ಹೇಳಲಿಲ್ಲ.

ಭಾನುವಾರ ಬಸ್ಸು. ಸುತ್ತಿ ಹಗ್ಗ ಬಿಗಿದ ಗಾದಿಯನ್ನು ಕಿಟಕಿ ಪಕ್ಕ ನಿಲ್ಲಿಸಿ, ಅದನ್ನು ತಬ್ಬಿಕೊಂಡು ಕೂತೆ. ಕಂಡಕ್ಟರು ಅದನ್ನೂ ನನ್ನನ್ನೂ ನೋಡಿ “ಇವರಿಗೊಂದು ಟಿಕೆಟ್ಟೇನ್ರಿ?” ಎಂದ. ಹಿಂದಿನ ಸೀಟಿನ ಅಜ್ಜಿಯೊಬ್ಬಳು “ಯಾರ ಗಾದಿಯೋ ಯಪ್ಪಾ?” ಎಂದು ಕೇಳಿ, ಮಗಳದು ಎಂದು ತಿಳಿದ ಮೇಲೆ ಕಂಡಕ್ಟರಿಗೆ ಹೇಳಿದಳು: “ಹೆಣ್ಣಹುಡುಗಿ ಗಾದಿ ಅಂತ. ಫ್ರೀ ಬಿಡೋ ತಮ್ಮಾ, ನಾವೆಲ್ಲಾ ಫ್ರೀ ಹೊಂಟಿಲ್ಲೇನು?” ಬಸ್ಸೆಲ್ಲ ನಕ್ಕಿತು. ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕಡೆಯ ಬಸ್ಸುಗಳಲ್ಲಿ ಹೆಂಗಸರ ದನಿ ಒಂದು ಮೆಟ್ಟಿಲು ಮೇಲೆ ಹೋಗಿದೆ, ಕೇಳಲು ಚೆಂದವಿದೆ. ಲಗೇಜ್ ಟಿಕೆಟ್ ಮಾತ್ರ ಹರಿದೇ ಹರಿದ.

ಹುಡುಗಿಯರ ಹಾಸ್ಟೆಲಿನ ಒಳಗೆ ಅಪ್ಪಂದಿರಿಗೆ ಪ್ರವೇಶವಿಲ್ಲ. ಗಾದಿಯನ್ನೂ ಹಲಗೆಯನ್ನೂ ನೋಡಿ ವಾರ್ಡನ್ ಹತ್ತು ನಿಮಿಷ ಕೊಟ್ಟರು. ಒಳ್ಳೆಯವರೇ. ಆದರೆ ಗಡಿಯಾರ ನೋಡಿ ಕೊಟ್ಟರು. ನನ್ನ ಮುಂದೆ ಅಲ್ಲಿಯ ಅಕ್ಕ ಒಬ್ಬರು ನಡೆಯುತ್ತ “ಗಂಡಸರು ಬರಾಕತ್ತಾರ, ಬಾಗಲಾ ಹಾಕ್ಕೋರಿ” ಎಂದು ಕೂಗುತ್ತಿದ್ದರು. ಧಡ್ ಧಡ್ ಎಂದು ಕೋಣೆಗಳೆಲ್ಲ ಮುಚ್ಚಿಕೊಂಡವು. ತಲೆಯ ಮೇಲೆ ಗಾದಿ ಹೊತ್ತು, ಊರಿಗೆ ಹುಲಿ ಬಂದ ಹಾಗೆ ನಡೆದೆ.

ಹಲಗೆ ಹಾಕಿದೆವು, ಗಾದಿ ಹಾಸಿದೆವು, ಮೇಲೆ ನನ್ನ ಅವ್ವ ಹೊಲಿದ ಕೌದಿ. ಮಗಳು ಕೂತು ನೋಡಿದಳು, ಮಲಗಿ ನೋಡಿದಳು. ಆಗ ಕೇಳಿದೆ: “ನೀ ಬಲಮಗ್ಗಲಾ ಮಲಗತಿಯಲ್ಲ?”

“ಇಲ್ಲ ಪಪ್ಪಾ” ಎಂದಳು. “ಗ್ವಾಡಿ ಕಡೆ.”

ಗ್ವಾಡಿ ಕಡೆ! ಚಾಚಾನ ಪಟ್ಟಿಯಲ್ಲಿಲ್ಲದ, ಅವ್ವನಿಗೂ ಗೊತ್ತಿಲ್ಲದ ದಿಕ್ಕು. ಜೊತೆಯ ಹುಡುಗಿ ಬೀದರ ಕಡೆಯವಳು, ಪರೀಕ್ಷೆಗೆ ಓದುತ್ತಾಳೆ, ರಾತ್ರಿ ಎರಡರವರೆಗೆ ಲೈಟು. ಆ ಹುಡುಗಿಯನ್ನು ಬೈಯಬೇಕೆಂದು ಬಾಯಿಗೆ ಬಂದಿತ್ತು. ಅವಳ ಮೇಜಿನ ಮೇಲೆ ಜೋಡಿಸಿಟ್ಟ ಹಳೇ ಪ್ರಶ್ನೆಪತ್ರಿಕೆಗಳನ್ನು ನೋಡಿದ ಮೇಲೆ ನುಂಗಿಕೊಂಡೆ. ನನ್ನ ಕ್ಲಾಸಿನಲ್ಲಿ ಅಂಥವರು ಇಬ್ಬರಿದ್ದರೆ ಸಾಕಿತ್ತು. ಮಗಳು ಬೆಳಕಿಗೆ ಅಡ್ಡವಾಗಿ ಮಂಚದ ಪಕ್ಕಕ್ಕೆ ಪರದೆ ಕಟ್ಟಿಕೊಂಡಿದ್ದಳು. ದಾರ ಕಿಟಕಿಯ ಸರಳಿನಿಂದ ಕಪಾಟಿನ ಹಿಡಿಕೆಗೆ. ಬಟ್ಟೆ ನೀಲಿ ಚೌಕುಳಿಯದು. ಒಂದು ತಿಂಗಳಿಂದ ಹುಡುಕುತ್ತಿದ್ದ ನನ್ನ ಲುಂಗಿ.

ಇನ್ನೊಂದು ವಿಷಯ ಆಗಲೇ ಕಣ್ಣಿಗೆ ಬಿತ್ತು. ತೆಲಿದಿಂಬು ಇದ್ದದ್ದು ಉತ್ತರಕ್ಕೆ. ಉತ್ತರಕ್ಕೆ ತಲೆ ಹಾಕಿ ಮಲಗಿದರೆ ನನ್ನ ಅವ್ವ ನಡುರಾತ್ರಿ ಎಬ್ಬಿಸಿ ತಿರುಗಿಸುತ್ತಿದ್ದಳು. ಕೇಳಿದ್ದಕ್ಕೆ ಮಗಳು ಬೆರಳು ತೋರಿಸಿದಳು: ಚಾರ್ಜರಿನ ಪ್ಲಗ್ ಪಾಯಿಂಟು ಇರುವುದು ಆ ತುದಿಯಲ್ಲೇ. ಗೋಡೆ ಇರುವುದು ಪೂರ್ವಕ್ಕೆ. ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿದೆ. ತಲೆ ಉತ್ತರಕ್ಕೆ, ಮುಖ ಪೂರ್ವದ ಗೋಡೆಗೆ ಎಂದರೆ ಎಡಮಗ್ಗುಲೇ ಆಗಬೇಕು. ಪ್ಲಗ್ ದಕ್ಷಿಣದಲ್ಲಿದ್ದಿದ್ದರೆ ಹುಡುಗಿ ಇನ್ನೂ ಅವ್ವ ಕಲಿಸಿದ ಬಲಮಗ್ಗುಲಲ್ಲೇ ಇರುತ್ತಿದ್ದಳು. ಹತ್ತು ವರ್ಷದ ರೂಢಿಯನ್ನು ಒಬ್ಬ ಎಲೆಕ್ಟ್ರಿಷಿಯನ್ ಎರಡು ತಿಂಗಳಲ್ಲಿ ಹೊಳ್ಳಿಸಿ ಹಾಕಿದ್ದ. ಹೆಂಡತಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ಹುಬ್ಬಳ್ಳಿ ದಾಟುವವರೆಗೆ ಯೋಚಿಸಿದೆ. ಹೇಳಲಿಲ್ಲ. ಅವಳಿಗೆ ಗೊತ್ತಿರುವುದು ನನಗೆ ಗೊತ್ತಿರಲಿಲ್ಲ, ಅದಕ್ಕೇ ಅಷ್ಟು ಸಂಕಟವಾಗಿತ್ತು. ಅವಳಿಗೂ ಗೊತ್ತಿಲ್ಲದ್ದು ಒಂದು ಶುರುವಾಗಿದೆ ಎಂದು ನಾನೇ ಹೋಗಿ ಹೇಳುವುದು ಹೇಗೆ?

ಆ ರಾತ್ರಿ ಅಂಗಾತ ಬಿದ್ದುಕೊಂಡು ಕೇಳಿದೆ, “ನಾ ಯಾವ ಮಗ್ಗಲಾ ಮಲಗತೇನಿ?”

“ಮಗ್ಗಲಾ ಯಾವುದು ಅಂತ ನೋಡಿಲ್ಲ. ಗೊರಕಿ ಮಾತ್ರ ಎರಡೂ ಕಡೆ ಕೇಳಸತೈತಿ” ಎಂದು ಆಕಡೆ ಹೊಳ್ಳಿದಳು. ಎಡಕ್ಕೆ. ಈ ಸಲ ನೋಡಿಟ್ಟುಕೊಂಡಿದ್ದೇನೆ.

ನಿನ್ನೆ ಉಳಿದ ಹಣ ಕೊಡಲು ಚಾಚಾನ ಅಂಗಡಿಗೆ ಹೋದಾಗ ಎಲ್ಲ ಹೇಳಿದೆ, ಲುಂಗಿಯನ್ನೂ ಬಿಡದೆ. ಅವರು ಯಾರದೋ ಹಳೇ ಗಾದಿಯ ಟಾಕೆ ಬಿಚ್ಚುತ್ತಿದ್ದರು. ನೋಟು ಎಣಿಸಿ ಕಿಸೆಗಿಟ್ಟು, “ಹಂಗಾದ್ರ ಗ್ವಾಡಿ ಕಡಿ ಅಂಚ ಲಗೂ ಕುಸೀತೈತ್ರಿ. ತಿಂಗಳಿಗೊಮ್ಮೆ ಮಗಚಿ ಹಾಸಾಕ ಹೇಳ್ರಿ” ಎಂದರು. ಅಲ್ಲಿಂದಲೇ ಫೋನ್ ಮಾಡಿದೆ, ಈ ಸಲ ನೇರ ಮಗಳಿಗೆ. “ಕ್ಲಾಸಿನ್ಯಾಗ ಅದೇನಿ ಪಪ್ಪಾ, ಆಮ್ಯಾಲ ಮಾಡತೇನಿ” ಎಂದು ಇಟ್ಟಳು. ಇನ್ನೂ ಮಾಡಿಲ್ಲ.