ಅದು ಆಟಿ ಪಾಯಸದ ಬಣ್ಣವಾಗಿರಲಿಲ್ಲ

ಆಟಿ ತಿಂಗಳ ಹದಿನೆಂಟು, ಅಂದರೆ ಆಗಸ್ಟ್ 3ರಂದು, ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ ಆಗಲೇಬೇಕು. ಕೊಡವರು ಆ ದಿನವನ್ನು ಕಕ್ಕಡ ಪದಿನೆಟ್ಟ್ ಅನ್ನುತ್ತಾರೆ. ಸೊಪ್ಪು ಬೇಯಿಸಿದ ನೀರು ಕಡು ನೇರಳೆಗೆ ತಿರುಗುತ್ತದೆ. ಅದರಲ್ಲಿ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಕುದಿಸಿದರೆ ಪಾಯಸ. ತಿಂದವರಿಗೆ ಮೂತ್ರ ಕೆಂಪಗೆ ಹೋಗುತ್ತದೆ, ಒಂದೆರಡು ದಿನದಲ್ಲಿ ಸರಿಯಾಗುತ್ತದೆ. ಬಣ್ಣ ಬಂದರೆ ಮದ್ದು ಮೈಗೆ ಹಿಡಿಯಿತು ಅಂತ ಹಿರಿಯರಿಗೆ ಸಮಾಧಾನ.

ಆ ವರ್ಷ ಎಲ್ಲರದ್ದೂ ತಿಳಿಯಾದ ಮೇಲೂ ಭಾವನಿಗೆ ಮಾತ್ರ ಬಣ್ಣ ಹೋಗಲಿಲ್ಲ. ವಾರ ಕಳೆಯುತ್ತ ಬಂದರೂ ಗಾಢವಾಗಿಯೇ ಇತ್ತು. ಊಟ ಸೇರುತ್ತಿರಲಿಲ್ಲ, ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಭಾವ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡುವವರು. ಮಳೆಯಲ್ಲಿ ನೆನೆದು ಜ್ವರ ಬಂದಿರಬೇಕು ಅಂದುಕೊಂಡಿದ್ದರು. ಆ ವಾರವಿಡೀ ಕರೆಂಟು ಸರಿಯಾಗಿ ಇರಲಿಲ್ಲ, ಹಗಲಲ್ಲೂ ಮಂಜು ಕವಿದು ಮನೆಯೊಳಗೆ ಕತ್ತಲೆ. ಮೋಂಬತ್ತಿ ಬೆಳಕಿನಲ್ಲಿ ಎಲ್ಲರ ಮುಖವೂ ಹಳದಿಯೇ. ಒಂದು ಮಧ್ಯಾಹ್ನ ಮಳೆ ಬಿಟ್ಟು ಜಗಲಿಗೆ ಬೆಳಕು ಬಿದ್ದಾಗ ಅತ್ತೆ ಮಗನ ಗಲ್ಲ ಹಿಡಿದು ಎತ್ತಿ ನೋಡಿದರು. "ಏನೋ ಮಗಾ, ಕಣ್ಣೆಲ್ಲ ಅರಿಶಿನ ಆಗಿದೆಯಲ್ಲೋ! ಇದು ಪಾಯಸದ್ದಲ್ಲ, ಕಾಮಾಲೆ."

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಭಾವನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಕೆಳಗಿನ ರೆಪ್ಪೆ ಎಳೆದು, ಕಣ್ಣಿನ ಬಿಳಿಭಾಗ ನೋಡಿದರು. ಹಗಲು ಬೆಳಕಿನಲ್ಲಿ ಕಾಣುವಷ್ಟು ಚೆನ್ನಾಗಿ ದೀಪದ ಬೆಳಕಿನಲ್ಲಿ ಹಳದಿ ಕಾಣುವುದಿಲ್ಲವಂತೆ. ಮತ್ತೆ ಕೇಳಿದ್ದು, ಮಲ ಬಿಳಿಚಿಕೊಂಡಿದೆಯಾ, ಮೈ ತುರಿಸುತ್ತದೆಯಾ ಅಂತ. ಎರಡಕ್ಕೂ ಭಾವ ಹೌದೆಂದರು.

ಆ ಪ್ರಶ್ನೆಗಳ ಅರ್ಥ ಅವರು ವಿವರಿಸಿದ ಮೇಲೆ ತಿಳಿಯಿತು. ನಮ್ಮ ಕೆಂಪು ರಕ್ತಕಣಗಳ ಆಯಸ್ಸು ಸುಮಾರು 120 ದಿನ. ಅವು ಸತ್ತಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಳಿಯುತ್ತದೆ. ಲಿವರ್ ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಪಿತ್ತರಸದ ಜೊತೆ ಕರುಳಿಗೆ ಬಿಡುತ್ತದೆ. ಮಲಕ್ಕೆ ಬಣ್ಣ ಬರುವುದೇ ಅದರಿಂದ. ಲಿವರ್ ಊದಿಕೊಂಡು ಆ ದಾರಿ ಕಟ್ಟಿದರೆ ಬಿಲಿರುಬಿನ್ ರಕ್ತಕ್ಕೆ ವಾಪಸ್ಸು ಬರುತ್ತದೆ. ಮಲ ಬಿಳಿಚುತ್ತದೆ, ಕಣ್ಣು ಹಳದಿಯಾಗುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುವುದರಿಂದ ಮೂತ್ರ ಗಾಢವಾಗುತ್ತದೆ.

ರಿಪೋರ್ಟಿನಲ್ಲಿ ಬಿಲಿರುಬಿನ್ 9ರ ಹತ್ತಿರ ಇತ್ತು. ಇರಬೇಕಾದ್ದು ಹೆಚ್ಚುಕಡಿಮೆ 1ರ ಒಳಗೆ. ಎಸ್‌ಜಿಪಿಟಿ ಎಂಬ ಲಿವರ್ ಕಿಣ್ವ ಸಾವಿರ ದಾಟಿತ್ತು. ಅಕ್ಕ ಆ ಅಂಕಿ ನೋಡಿಯೇ ಅತ್ತಳು. ಡಾಕ್ಟರು ಮಾತ್ರ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಹಾಳೆಯನ್ನೇ ಮೊದಲು ತೆಗೆದರು. ಎಸ್‌ಜಿಪಿಟಿ ಅಂದರೆ ಪೆಟ್ಟು ತಿಂದ ಜೀವಕೋಶಗಳಿಂದ ಸೋರಿದ್ದು. ಲಿವರ್ ಇನ್ನೂ ಕೆಲಸ ಮಾಡುತ್ತಿದೆಯೇ ಎಂಬುದಕ್ಕೆ ಉತ್ತರ ಹೆಪ್ಪುಗಟ್ಟುವ ಪರೀಕ್ಷೆಯಲ್ಲಿದೆ, ಯಾಕೆಂದರೆ ಅದಕ್ಕೆ ಬೇಕಾದ ಪ್ರೋಟೀನುಗಳಲ್ಲಿ ಹೆಚ್ಚಿನವನ್ನು ತಯಾರಿಸುವುದು ಲಿವರ್ರೇ. ಅದು ಸರಿಯಾಗಿತ್ತು. ನಮಗೆ ಉಸಿರು ಬಂತು.

ಬಲಗಡೆ ಪಕ್ಕೆಲುಬಿನ ಕೆಳಗೆ ಅಡಗಿರುವ, ಒಂದೂವರೆ ಕಿಲೋದಷ್ಟು ತೂಗುವ ಈ ಅಂಗಕ್ಕೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಹೊಟ್ಟೆ, ಕರುಳಿನ ಕಡೆಯಿಂದಲೇ ಬರುತ್ತದೆ. ತಿಂದದ್ದು, ಕುಡಿದದ್ದು, ನುಂಗಿದ ಮಾತ್ರೆ ಹೆಚ್ಚಿನದೆಲ್ಲ ಮೊದಲು ಅದರ ಪಾಲು. ನೆಂಟರು ಫೋನ್ ಮಾಡಿ ಕಾಮಾಲೆ ಮದ್ದು ಕೊಡುವವರ ವಿಳಾಸ ಹೇಳತೊಡಗಿದಾಗ ಡಾಕ್ಟರು ಬೇಡ ಅಂದದ್ದು ಅದಕ್ಕೇ. ಬಳಲಿದ ಲಿವರ್‌ಗೆ ಏನು ಬೆರೆಸಿದ್ದಾರೆಂದು ಗೊತ್ತಿಲ್ಲದ ಕಷಾಯ ಕೊಡಬಾರದು, ತಾವಾಗಿ ಪ್ಯಾರಸಿಟಮಾಲ್ ನುಂಗಬಾರದು, ಮದ್ಯವಂತೂ ಮುಟ್ಟಲೇಬಾರದು. ನೀರಿನಿಂದ ಬರುವ ಕಾಮಾಲೆ ಬಹುತೇಕ ಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಮಾತ್ರ ಕೊನೆಗೆ ಕೊಟ್ಟ ಮದ್ದಿಗೆ ಬರುತ್ತದೆ. ಆದರೆ ಹಳದಿಗೆ ಕಾರಣ ಹೆಪಟೈಟಿಸ್ ಬಿ ಆಗಿದ್ದರೆ, ಪಿತ್ತನಾಳದಲ್ಲಿ ಕಲ್ಲಿದ್ದರೆ, ಕಾದು ಕೂರುವ ಆ ವಾರಗಳು ತುಂಬಾ ದುಬಾರಿ. ನಾಟಿ ಮದ್ದಿನ ಮೇಲೆ ನನಗೆ ಗೌರವವಿದೆ, ಆದರೂ ರಕ್ತಪರೀಕ್ಷೆ ಆಗದೆ ಕಾಮಾಲೆಗೆ ಏನನ್ನೂ ಕುಡಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಸ್ಕ್ಯಾನಿಂಗಿನಲ್ಲಿ ಇನ್ನೊಂದು ಸಂಗತಿ ಸಿಕ್ಕಿತು: ಲಿವರ್ರಿನಲ್ಲಿ ಕೊಬ್ಬು. ಮಳೆಗಾಲದ ಸಂಜೆಯ ಪೆಗ್ಗು, ಬೆಳೆದ ಹೊಟ್ಟೆ, ಎರಡರ ಪಾಲೂ ಅದರಲ್ಲಿತ್ತು. ಅಷ್ಟು ವರ್ಷ ಒಂದು ನೋವೂ ಕಾಣಿಸಿರಲಿಲ್ಲ. ಮೈತೂಕದಲ್ಲಿ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಸಿ, ಕುಡಿತ ಬಿಟ್ಟರೆ ಈ ಹಂತದಲ್ಲಿ ಲಿವರ್ ಮೊದಲಿನಂತಾಗಬಹುದು. ಗಾಯದ ಕಲೆಗಟ್ಟಿ ಸಿರೋಸಿಸ್ ಆದಮೇಲೆ ಹಿಂದಕ್ಕೆ ತರುವುದು ಬಹಳ ಕಷ್ಟ ಅಂದರು.

ಕಾರಣ ನೀರಿನಿಂದ ಹರಡುವ ಹೆಪಟೈಟಿಸ್ ಇ ವೈರಸ್ ಎಂದು ಗೊತ್ತಾದ ಕೂಡಲೇ ಡಾಕ್ಟರು ಕೇಳಿದರು, "ಇದೇ ನೀರು ಕುಡಿಯುವವರಲ್ಲಿ ಬಸುರಿಯರು ಯಾರಾದರೂ ಇದ್ದಾರಾ?" ಕೊನೆಯ ಮೂರು ತಿಂಗಳಲ್ಲಿ ಈ ವೈರಸ್ ತಗುಲಿದ ಬಸುರಿಯರಲ್ಲಿ ನೂರಕ್ಕೆ 20ರಿಂದ 25ರವರೆಗೂ ಜೀವ ಹೋಗಬಹುದು. ಭಾವನ ಮುಖ ಬಿಳುಚಿತು. ತೋಟದ ಆಫೀಸಿನ ನಲ್ಲಿಗೂ ಕೆಲಸಗಾರರ ಲೈನ್ ಮನೆಗಳಿಗೂ ಒಂದೇ ಟ್ಯಾಂಕಿನ ನೀರು. ಅಲ್ಲೊಬ್ಬಳಿಗೆ ಏಳು ತಿಂಗಳು. ಆಸ್ಪತ್ರೆಯ ಅಂಗಳದಿಂದಲೇ ತೋಟಕ್ಕೆ ಫೋನ್ ಮಾಡಿದರು. ಸಂಜೆಯೊಳಗೆ ಅವಳನ್ನು ಜೀಪಿನಲ್ಲಿ ಕರೆತಂದು ರಕ್ತಪರೀಕ್ಷೆ ಮಾಡಿಸಿದೆವು. ಸೋಂಕು ಇರಲಿಲ್ಲ. ಮರುದಿನ ಟ್ಯಾಂಕ್ ಖಾಲಿ ಮಾಡಿ, ತೊಳೆದು, ಬ್ಲೀಚಿಂಗ್ ಪೌಡರ್ ಹಾಕಿದರು. ನೀರು ಚೆನ್ನಾಗಿ ಕುದಿಸಿ ಕುಡಿಯಲು ಲೈನಿನ ಪ್ರತಿ ಮನೆಗೂ ಸೌದೆ ಹಂಚಿದರು; ಎದ್ದು ಓಡಾಡುವಂತಾದ ಮೇಲೆ ಭಾವ ಮೊದಲು ಹೋಗಿ ನೋಡಿದ್ದು ಆ ಟ್ಯಾಂಕನ್ನು.